ಹಿಂದಕ್ಕೆ ಸರಿದ ತಾರೀಖು

"ಮೇಡಂ, ಈ ಪ್ಯಾಕೆಟ್ಟು ಹಳೇದೇ ಅಲ್ಲ."

ಆಹಾರ ಸುರಕ್ಷತಾ ಅಧಿಕಾರಿ ಉದಯಕುಮಾರ್ ಪುಳಿಯೋಗರೆ ಗೊಜ್ಜಿನ ಖಾಲಿ ಪ್ಯಾಕೆಟ್ಟನ್ನು ಚಿಮುಟದಲ್ಲಿ ಹಿಡಿದು ಕಿಟಕಿಯ ಬಿಸಿಲಿಗೆ ಒಡ್ಡಿದ್ದ.

ಹನೂರು ಠಾಣೆಯ ಸಬ್ ಇನ್ಸ್‌ಪೆಕ್ಟರ್ ಇಂಚರ ಬಾಯಿಗೆ ಎತ್ತಿದ ಟೀ ಲೋಟವನ್ನು ಹಾಗೇ ಕೆಳಗಿಟ್ಟಳು.

ಆ ಪ್ಯಾಕೆಟ್ಟಿನ ಗೊಜ್ಜನ್ನು ಅನ್ನಕ್ಕೆ ಕಲಸಿಕೊಂಡು ತಿಂದ, ಆ ಮಾಲನ್ನು ಅಂಗಡಿಗಳಿಗೆ ಹಾಕುವ ಏಜೆಂಟ್ ಮೋಹನ್ ಹನೂರಿನ ಅಂಗಡಿಯೊಂದರ ಮುಂದೆ ಕುಸಿದುಬಿದ್ದಿದ್ದ. ಈಗ ಮೈಸೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಡೇಟ್ ಮುಗಿದ ಮಾಲು ತಿಂದೇ ಹೀಗಾಯಿತೆಂದು ಊರೆಲ್ಲ ತೀರ್ಮಾನಿಸಿಬಿಟ್ಟಿತ್ತು. ಗೊಜ್ಜು ತಯಾರಿಸುವ ಕೊಳ್ಳೇಗಾಲದ ಮೋನಿಕಾ ಠಾಣೆಯ ಪಕ್ಕದ ಕೋಣೆಯಲ್ಲಿ ಬೆಂಚಿನ ಮೇಲೆ ತಲೆ ತಗ್ಗಿಸಿ ಕುಳಿತಿದ್ದಳು.

"ಹಳೇದಲ್ಲ ಅಂದ್ರೆ? ಇಷ್ಟು ದಪ್ಪಗೆ ಬರೆದಿದೆಯಲ್ಲ ಸರ್. ಬೆಸ್ಟ್ ಬಿಫೋರ್ ಜುಲೈ 2025. ಈಗ 2026ರ ಫೆಬ್ರವರಿ."

"ಅದನ್ನ ಯಾರೋ ಆಮೇಲೆ ಒತ್ತಿದ್ದು. ಮೆಷಿನ್ನು ತಾರೀಖನ್ನ ಕಪ್ಪು ಚುಕ್ಕಿಗಳಲ್ಲಿ ಹೊಡೆಯುತ್ತೆ. ಇದು ನೇರಳೆ ಇಂಕು, ರಬ್ಬರ್ ಸ್ಟಾಂಪು. ಕೆಳಗೆ ನೋಡಿ, ಪೇಂಟ್ ತಿನ್ನರ್ ಹಾಕಿ ಉಜ್ಜಿದಾರೆ. ಹೊಳಪು ಹೋಗಿದೆ. ಒಂದೆರಡು ಕಪ್ಪು ಚುಕ್ಕಿ ಹಾಗೇ ಉಳಿದಿವೆ."

ಇಂಚರ ಬಗ್ಗಿ ನೋಡಿದಳು. ನಿಜ.

"ಹಳೇ ಮಾಲಿಗೆ ಹೊಸ ತಾರೀಖು ಹಾಕೋರನ್ನ ನಾನು ಎಷ್ಟೋ ಜನರನ್ನ ಹಿಡಿದಿದೀನಿ," ಎಂದ ಉದಯಕುಮಾರ್. "ಹೊಸ ಮಾಲಿಗೆ ಹಳೇ ತಾರೀಖು ಹಾಕಿದೋರನ್ನ ನೋಡ್ತಿರೋದು ಇದೇ ಮೊದಲು."

"ಹೊಸದು ಅಂತ ಹೇಗೆ ಹೇಳ್ತೀರಿ?"

ಅವನು ಪ್ಯಾಕೆಟ್ಟನ್ನು ತಿರುವಿದ. ಕೆಳಗಿನ ಅಂಚಿನಲ್ಲಿ, ಸೀಲಿನ ಪಕ್ಕ, ಕಪ್ಪು ಚುಕ್ಕಿಗಳ ಇನ್ನೊಂದು ಸಾಲಿತ್ತು. ಎಕ್ಸ್‌ಪೈರಿ, ಅಕ್ಟೋಬರ್ 2026.

"ಪ್ಯಾಕ್ ಮಾಡಿದ ತಾರೀಖು, ಬೆಸ್ಟ್ ಬಿಫೋರು, ಎರಡನ್ನೂ ಒಂದು ವರ್ಷ ಹಿಂದಕ್ಕೆ ತಳ್ಳಿದಾರೆ. ಎಕ್ಸ್‌ಪೈರಿ ಮುಟ್ಟಿಲ್ಲ. ಯಾಕೆ ಅಂದ್ರೆ ಅವರಿಗೆ ಅದರ ಅರ್ಥ ಗೊತ್ತಿಲ್ಲ. ಬೆಸ್ಟ್ ಬಿಫೋರೇ ಕೊನೇ ತಾರೀಖು ಅಂದ್ಕೊಂಡಿದಾರೆ."

"ನಾನೂ ಹಾಗೇ ಅಂದ್ಕೊಂಡಿದ್ದೆ."

"ಬಹಳ ಜನ ಅಂದ್ಕೊಂಡಿರೋದೇ ಹಾಗೆ. ಬೆಸ್ಟ್ ಬಿಫೋರ್ ಅಂದ್ರೆ ಅಲ್ಲೀವರೆಗೆ ರುಚಿ, ಘಮ ಚೆನ್ನಾಗಿರುತ್ತೆ ಅಂತ ತಯಾರಿಸಿದೋರು ಕೊಡೋ ಮಾತು. ಅದು ದಾಟಿದ್ರೆ ಗೊಜ್ಜು ಸ್ವಲ್ಪ ಮಂಕಾಗಬಹುದು, ವಿಷ ಆಗಲ್ಲ. ಇನ್ನು ತಿನ್ನಲೇಬಾರದು ಅನ್ನೋ ಗಡಿ ಎಕ್ಸ್‌ಪೈರಿ. ಇದಕ್ಕೆ ಆ ಗಡಿ ಇನ್ನೂ ದೂರ ಇದೆ."

ಮೈಸೂರಿನ ವೈದ್ಯರು ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದು ಇಂಚರಳ ಕಿವಿಯಲ್ಲಿ ಮತ್ತೆ ಮೊಳಗಿತು. ಕೆಟ್ಟ ಊಟ ತಿಂದವರಿಗೆ ವಾಂತಿಭೇದಿ ಆಗುತ್ತದೆ. ಈತನ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದೆ, ಜೊಲ್ಲು ನಿಲ್ಲುತ್ತಿಲ್ಲ. ಬೆಳೆಗೆ ಹೊಡೆಯುವ ಔಷಧಿ ಹೊಟ್ಟೆಗೆ ಸೇರಿದ ಹಾಗಿದೆ.

"ಇನ್ನೊಂದಿದೆ," ಎಂದ ಉದಯಕುಮಾರ್. "ಈ ಪ್ಯಾಕೆಟ್ಟಿನ ಮೇಲಿನ ಸೀಲು ಎರಡು ಸಲ ಬಿದ್ದಿದೆ. ಮೊದಲಿನ ಸೀಲು ಕತ್ತರಿಸಿ, ಸ್ವಲ್ಪ ಕೆಳಗೆ ಮತ್ತೆ ಹಾಕಿದಾರೆ. ಎಷ್ಟು ನೀಟಾಗಿದೆ ನೋಡಿ. ಮೆಷಿನ್ನಿನ ಬಿಸಿ ಗೊತ್ತಿರೋ ಕೈ."

ಇಂಚರ ಎದ್ದು ಕಿಟಕಿಯ ಹತ್ತಿರ ನಿಂತಳು. ತಾರೀಖು ತಿದ್ದಿದವರಿಗೆ ಲೇಬಲ್ ಓದಲು ಬರುವುದಿಲ್ಲ. ಸೀಲು ಹಾಕಿದವರಿಗೆ ಎಲ್ಲವೂ ಬರುತ್ತದೆ.

ಹಾಗಾದರೆ ಇಲ್ಲಿರುವುದು ಒಬ್ಬರಲ್ಲ. ಇಬ್ಬರು.

* * *

ಪ್ಯಾಕೆಟ್ಟಿನ ಮೇಲೆ ನಗುತ್ತಿದ್ದ ಮುಖಕ್ಕೂ ಎದುರು ಕುಳಿತ ಮುಖಕ್ಕೂ ಹೋಲಿಕೆಯೇ ಇರಲಿಲ್ಲ. ಅತ್ತು ಅತ್ತು ಮೋನಿಕಾಳ ಕಣ್ಣುಗಳು ಊದಿದ್ದವು.

"ಆ ತಾರೀಖು ನಾನು ನೋಡೇ ಇರಲಿಲ್ಲ ಮೇಡಂ. ಮೋಹನ್ ಬಿದ್ದ ಮೇಲೆ ಯಾರೋ ವಾಟ್ಸಾಪಲ್ಲಿ ಫೋಟೋ ಹಾಕಿದ್ರಲ್ಲ, ಆಗಲೇ ನೋಡಿದ್ದು. ಎದೆ ಒಡೆದೋಯ್ತು."

"ತಾರೀಖನ್ನ ಯಾರೋ ಹಿಂದಕ್ಕೆ ಹಾಕಿದಾರೆ. ನಿಮ್ಮ ಮೇಲೆ ಹೊಟ್ಟೆಕಿಚ್ಚು ಇರೋರು ಯಾರಾದರೂ ಇದ್ದಾರಾ?"

ಮೋನಿಕಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅಕ್ಕ..." ಎಂದವಳು ತಟಕ್ಕನೆ ನಿಲ್ಲಿಸಿದಳು.

"ಯಾರು ಅಕ್ಕ?"

"ನನ್ನ ಓರಗಿತ್ತಿ, ಶಿವರತ್ನಮ್ಮ. ಬೇಡ ಬಿಡಿ ಮೇಡಂ. ಅವರು ಅಂಥೋರಲ್ಲ."

ಇಂಚರ ಅವಳನ್ನು ಮನೆಗೆ ಕಳಿಸಿದಳು. ತನ್ನ ಮಾಲಿಗೆ ತಾನೇ ಹಳೆಯ ತಾರೀಖು ಒತ್ತಿಕೊಳ್ಳುವವರು ಯಾರಿದ್ದಾರೆ? ಅಂಗಳ ದಾಟಿ ಹೋಗುತ್ತಿದ್ದ ಆ ಹೆಂಗಸನ್ನು ನೋಡಿ ಪಾಪ ಅನ್ನಿಸಿತು.

* * *

ಮೋಹನ್ ತಾನು ಕುಸಿದುಬಿದ್ದ ದಿನ ಬೆಳಿಗ್ಗೆ ಕೊಳ್ಳೇಗಾಲದಲ್ಲಿ ಮಾಲು ತುಂಬಿಕೊಂಡು ಮೊದಲು ಯಳಂದೂರಿಗೆ, ಆಮೇಲೆ ಹನೂರಿಗೆ ಹೋಗಿದ್ದ. ಹನೂರಿನ ಅಂಗಡಿಗೆ ಇಳಿಸಿದ ಪ್ಯಾಕೆಟ್ಟುಗಳ ತಾರೀಖೆಲ್ಲ ಸರಿಯಾಗಿತ್ತು. ಇಂಚರ ಜೀಪನ್ನು ಯಳಂದೂರಿಗೆ ತಿರುಗಿಸಿದಳು.

ಅಲ್ಲಿನ ಅಂಗಡಿಯ ಗೋವಿಂದಯ್ಯ ಪೊಲೀಸರನ್ನು ಕಂಡವನೇ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದುಬಂದ.

"ನಾ ಒಂದ್ ಪ್ಯಾಕೆಟ್ಟೂ ಮಾರಿಲ್ಲ ಕಣ್ರಿ ಮೇಡಂ! ಮೋಹನ ಪೆಟ್ಗೆ ಇಳಿಸ್ಬುಟ್ಟು ಓದ. ಆಮ್ಯಾಕೆ ಬಿಚ್ಚುದ್ರೆ ಎಲ್ಲಾದ್ರ ಮ್ಯಾಲೂ ಓದ ವರ್ಸದ ತಾರೀಕು. ಅಂಗೇ ಮಡಗಿವ್ನಿ. ಬನ್ನಿ, ನೋಡಿ."

ಒಳಗೆ ಅಕ್ಕಿ ಮೂಟೆಗಳ ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆ. ಒಂದೊಂದು ಪ್ಯಾಕೆಟ್ಟಿನ ಮೇಲೂ ಅದೇ ನೇರಳೆ ಸ್ಟಾಂಪು. ಸಾಲಾಗಿ ಜೋಡಿಸಿದ ಪ್ಯಾಕೆಟ್ಟುಗಳ ನಡುವೆ, ಒಂದು ಮೂಲೆಯಲ್ಲಿ ಮಾತ್ರ ಖಾಲಿ ಜಾಗ.

"ಇಲ್ಲಿದ್ದದ್ದು ಎಲ್ಲಿ?"

"ಬರೋವಾಗ್ಲೇ ಇರ್ನಿಲ್ಲ ಮೇಡಂ. ಮ್ಯಾಲ್ಗಡೆ ಟೇಪು ಕಿತ್ತು ತಿರ್ಗ ಅಂಟ್ಸಿದ್ರು. ನಾನು ಮೋಹನನ್ಗೆ ಫೋನ್ ಮಾಡಿ ಉಗೀಬೇಕು ಅಂತಿದ್ದೆ. ಅಷ್ಟ್ರಲ್ಲಿ ಅವ್ನೇ ಬಿದ್ದೋದ ಅಂದ್ರು."

ಅಲ್ಲಿ ಇಲ್ಲದ ಆ ಒಂದು ಪ್ಯಾಕೆಟ್ಟೇ ಮೋಹನ್‌ನ ಊಟಕ್ಕೆ ಬಂದಿತ್ತು. ಅದಕ್ಕೆ ಮೆಷಿನ್ನಿನಲ್ಲಿ ಮತ್ತೆ ಸೀಲು ಬಿದ್ದಿತ್ತು. ಅಂದರೆ ಪೆಟ್ಟಿಗೆ ಕೊಳ್ಳೇಗಾಲದ ಮನೆ ಬಿಡುವ ಮೊದಲೇ ಯಾರೋ ಅದನ್ನು ತೆಗೆದಿದ್ದರು.

ಇಂಚರ ಒಂದು ಪ್ಯಾಕೆಟ್ಟನ್ನು ಕಣ್ಣಿನ ಹತ್ತಿರ ಹಿಡಿದಳು. ಸ್ಟಾಂಪಿನ 5ರ ತಲೆಯ ಗೆರೆ ಅರ್ಧಕ್ಕೇ ಮುರಿದಿತ್ತು. ಇನ್ನೊಂದರಲ್ಲೂ ಹಾಗೇ. ಮತ್ತೊಂದರಲ್ಲೂ.

* * *

ಕೊಳ್ಳೇಗಾಲದ ಮೋನಿಕಾಳ ಮನೆಯ ನಡುಮನೆಯಲ್ಲಿ ಹಿಂದೆ ಸಾಲು ಮಗ್ಗಗಳಿದ್ದವಂತೆ. ಈಗ ಒಂದೇ ಉಳಿದಿತ್ತು. ಮನೆಯ ಹಿರಿಮಗ ಕುಮಾರಸ್ವಾಮಿ ಅದರಲ್ಲಿ ಕುಳಿತು ರೇಷ್ಮೆ ಸೀರೆ ನೇಯುತ್ತಿದ್ದ. ಉಳಿದ ಜಾಗವನ್ನು ಮೋನಿಕಾಳ ಸ್ಟೀಲ್ ಮೇಜುಗಳು, ಸೀಲಿಂಗ್ ಮೆಷಿನ್ನು, ರಟ್ಟಿನ ಪೆಟ್ಟಿಗೆಗಳು ಹಿಡಿದಿದ್ದವು. ಗೋಡೆಯ ಮೇಲೆ ಆಳೆತ್ತರದ ಬ್ಯಾನರ್. ಅದರಲ್ಲಿಯೂ ಮೋನಿಕಾ ನಗುತ್ತಿದ್ದಳು.

ಬ್ಯಾನರಿನ ಕೆಳಗೆ ಕುಮಾರಸ್ವಾಮಿಯ ಹೆಂಡತಿ ಶಿವರತ್ನಮ್ಮ ನೆಲದ ಮೇಲೆ ಕೂತು ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು. ಬಂದವರನ್ನು ನೋಡಿ ಕೈ ನಿಧಾನವಾಯಿತೇ ಹೊರತು ನಿಲ್ಲಲಿಲ್ಲ.

"ಮೋನಿಕಾ ಇದ್ದಾರಾ?"

"ಬೆಳಿಗ್ಗೆ ಬಂದ್ಲು. ನೀರುಯ್ಕೊಂಡು, ಒಲೆ ಮುಂದೆ ನಿಂತು ಅದೇನೋ ಬೇಯಿಸ್ಕೊಂಡು ಎತ್ಲಾಗೋ ಓದ್ಲು. ನನ್ ತಾವ ಮಾತಾಡ್ನಿಲ್ಲ."

ಇಂಚರ ಕಪಾಟಿನತ್ತ ನೋಡಿದಳು. ನೇಯ್ದು ಮಡಿಸಿಟ್ಟ ಸೀರೆಗಳು. ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಪುಟ್ಟ ರಟ್ಟಿನ ಚೀಟಿ, ಚೀಟಿಯ ಮೇಲೆ ನೇಯ್ದ ತಿಂಗಳು, ಇಸವಿ. ನೇರಳೆ ಇಂಕು.

ಅವಳು ಒಂದು ಚೀಟಿಯನ್ನು ಬಿಚ್ಚಿಕೊಂಡು ಬಂದು ಶಿವರತ್ನಮ್ಮನ ಎದುರು ನೆಲದ ಮೇಲೆ ಕೂತಳು. ಚೀಟಿಯ ಪಕ್ಕ ಗೊಜ್ಜಿನ ಪ್ಯಾಕೆಟ್ಟನ್ನು ಇಟ್ಟಳು.

"ಈ ಐದರ ತಲೆ ಇಲ್ಲೂ ಮುರಿದಿದೆ. ಇಲ್ಲೂ ಮುರಿದಿದೆ."

ರಾಟೆ ನಿಂತಿತು.

ಕುಮಾರಸ್ವಾಮಿ ಮಗ್ಗದಿಂದ ಎದ್ದು ಬಂದ. "ಏನ್ ಮೇಡಂ ಇದು? ನಮ್ಮೋಳ್ಗೆ ಇಂಗ್ಲೀಸ್ ಅಕ್ಷರಾನೇ ಬರಕಿಲ್ಲ..."

"ನೀವ್ ಸುಮ್ಕಿರಿ," ಎಂದಳು ಶಿವರತ್ನಮ್ಮ. ಧ್ವನಿ ಗಟ್ಟಿಯಾಗಿತ್ತು. "ನಾನೇ ಒತ್ತಿದ್ದು."

"ಯಾಕಮ್ಮ?"

ಶಿವರತ್ನಮ್ಮ ತಲೆಯೆತ್ತಿ ಬ್ಯಾನರನ್ನು ನೋಡಿದಳು. ದಿನಾ ನೋಡುವವಳು ನೋಡುವ ಹಾಗಲ್ಲ.

"ಆ ಗೊಜ್ಜು ಯಾರ್ದು ಗೊತ್ತಾ ಮೇಡಂ? ನಮ್ಮತ್ತೆ ನನ್ಗೆ ಏಳ್ಕೊಟ್ಟಿದ್ದು. ಮೋನಿಕಾ ಈ ಮನ್ಗೆ ಬರೋವಾಗ ಅನ್ನಕ್ ನೀರಿಡಕ್ಕೂ ಬತ್ತಿರ್ನಿಲ್ಲ. ಉಣ್ಸೆಅಣ್ಣು ಕಿವ್ಚೋದು ನಾನು. ಎಳ್ಳು ಉರಿಯೋದು ನಾನು. ಒಲೆ ಮುಂದೆ ಬೇಯೋದು ನಾನು. ಪ್ಯಾಕೆಟ್ಟಿನ ಮ್ಯಾಲೆ ಮೊಕ ಮಾತ್ರ ಅವ್ಳ್ದು!"

"ಅದನ್ನ ಅವರಿಗೇ ಹೇಳಬಹುದಿತ್ತಲ್ಲ?"

"ಏಳ್ದೆ. 'ಅಕ್ಕ, ಪ್ಯಾಕೆಟ್ ಮೇಲೆ ವಯಸ್ಸಿನ ಮೊಕ ಇದ್ರೆ ಜನ ತಕಳಲ್ಲ' ಅಂದ್ಲು. ಓದ ತಿಂಗ್ಳು ಆಪೀಸಿನೋರು ಬಂದು ಅವ್ಳಿಗೆ ಶಾಲು ಒದ್ಸುದ್ರು, ಪೇಪರ್‌ಗೆ ಪೋಟ ಇಡುದ್ರು. ನಾನು ಬಾಗ್ಲಲ್ಲಿ ನಿಂತು ನೋಡ್ತಿದ್ದೆ. ಅವ್ರಲ್ಲೊಬ್ಬ ನನ್ ಕಡೆ ತಿರುಗ್ದ. ನನ್ಗೂ ಏನಾರ ಏಳ್ತಾನೇನೋ ಅಂದ್ಕೊಂಡೆ. 'ಅಮ್ಮ, ಎಲ್ಲಾರ್ಗೂ ಒಂಚೂರು ಕಾಪಿ ತನ್ನಿ' ಅಂದ."

ಅವಳ ಕಣ್ಣಲ್ಲಿ ನೀರಿರಲಿಲ್ಲ.

"ತಂದ್ಕೊಟ್ಟೆ ಮೇಡಂ. ಅವತ್ತಿಂದ ಈ ಗೋಡೆ ನೋಡುದ್ರೆ ಒಟ್ಟೇಲಿ ಕೆಂಡ ಇಟ್ಟಂಗೆ. ಅವ್ಳು ನಕ್ರೆ ಉರಿ, ಅವ್ಳ ಫೋನ್ ಬಡ್ಕೊಂಡ್ರೆ ಉರಿ. ನಿದ್ದೇಲೂ ಉರಿ."

ಇಂಚರಳಿಗೆ ಆ ಉರಿ ಹೊಸದಲ್ಲ. ತನ್ನ ಜೊತೆಯಲ್ಲೇ ತರಬೇತಿ ಮುಗಿಸಿದ ಗೆಳತಿಗೆ ಮೈಸೂರಿನ ಠಾಣೆ ಸಿಕ್ಕಾಗ ಸಿಹಿ ಹಂಚಿ ನಕ್ಕಿದ್ದಳು. ಆ ನಗುವಿಗೆ ಎಷ್ಟು ಕಷ್ಟಪಟ್ಟಿದ್ದಳೆಂದು ತನಗೊಬ್ಬಳಿಗೇ ಗೊತ್ತು.

"ಅದಕ್ಕೆ ವಿಷ ಹಾಕಿದಿರಾ?"

"ಅಯ್ಯಯ್ಯೋ!" ಶಿವರತ್ನಮ್ಮ ಎದ್ದೇ ನಿಂತಳು. "ಯಳಂದೂರಿನ ಪೆಟ್ಗೆ ಒಂದುಕ್ಕೇ ಒತ್ತಿದ್ದು ನಾನು. ಗೋವಿಂದಯ್ಯ ಮಾಲು ವಾಪಸ್ಸು ಕಳಿಸ್ಲಿ, ಅವ್ಳ ಮೊಕ ಸಣ್ಣಗಾಗ್ಲಿ ಅಂತ. ಅಷ್ಟೇಯ. ನನ್ ಕೈಯಡ್ಗೇಗೆ ನಾನೇ ವಿಷ ಆಕ್ತೀನಾ? ಅವ್ಳ ಮೊಕಕ್ಕೆ ಮಸಿ ಬಳ್ದೇನು, ನನ್ ಗೊಜ್ಜಿಗೆ ಬಳ್ದೇನಾ ಮೇಡಂ?"

ಇಂಚರ ಪ್ಯಾಕೆಟ್ಟಿನ ಕೆಳಅಂಚು ತೋರಿಸಿದಳು. "ಈ ಎಕ್ಸ್‌ಪೈರಿ ತಾರೀಖನ್ನ ಯಾಕೆ ಬಿಟ್ಟಿರಿ?"

"ಅದ್ಯಾವ್ದು?"

ಆ ಮೂರು ಅಕ್ಷರದ ಅಚ್ಚರಿ ನಟನೆಯಲ್ಲ.

"ಸೀಲಿಂಗ್ ಮೆಷಿನ್ ಓಡಿಸೋಕೆ ಬರುತ್ತಾ ನಿಮಗೆ?"

"ಮುಟ್ಟಕ್ ಬುಟ್ಟವ್ಳಾ? 'ಕೈ ಸುಟ್ಕೊತೀಯ ಅಕ್ಕ, ದೂರ ಇರು' ಅಂತಾಳೆ. ಅದ್ರ ಸ್ವಿಚ್ಚು ಎಲ್ಲದೆ ಅಂತ್ಲೂ ನಾ ಕಾಣೆ."

"ನೀವು ಸ್ಟಾಂಪು ಒತ್ತೋದನ್ನ ಯಾರಾದರೂ ನೋಡಿದ್ರಾ?"

ಶಿವರತ್ನಮ್ಮ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಹಿಂದಿನಿಂದ ಉತ್ತರ ಬಂತು.

"ನಾ ನೋಡ್ದೆ."

* * *

ಬಾಗಿಲಲ್ಲಿ ಮೋನಿಕಾಳ ಗಂಡ ದಿನೇಶ್ ನಿಂತಿದ್ದ. ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವನ ಖಾಕಿ ಅಂಗಿಗೆ ಬೆಲ್ಲದಂಥ ವಾಸನೆ ಅಂಟಿತ್ತು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದನೋ.

"ಅತ್ತಿಗೆ ಒತ್ತದ್ನ ಕಿಟಕಿಯಿಂದ ನೋಡ್ದೆ. ಸುಮ್ಕಿದ್ದೆ. ನಿಜ ಏಳ್ಬೇಕಂದ್ರೆ ಒಸಿ ಖುಸೀನೇ ಆಯ್ತು ಮೇಡಂ."

"ಹೆಂಡತಿ ಮಾಲು ಹಾಳಾದ್ರೆ ಖುಷಿಯಾ?"

"ಮಾಲು ಆಳಾದ್ರೆ ಅಲ್ಲ. ಮೋಹನ ಅಂಗ್ಡಿಯೋರ ತಾವ ಉಗ್ಸಿಕೊಳ್ಳೋದ್ನ ನೆನ್ಸಿಕೊಂಡು." ದಿನೇಶ್ ಗೋಡೆಗೆ ಒರಗಿದ. "ಬೆಳಗಾದ್ರೆ ಮೋಹನ, ಬೈಗಾದ್ರೆ ಮೋಹನ. ಮೋಹನ ಅಂಗಂದ, ಮೋಹನ ಇಂಗಂದ. ನಾನು ಪಾಳಿ ಮುಗ್ಸಿ ಬಂದು ತಣ್ಣಗಿನ ಅನ್ನ ಉಣ್ತೀನಿ. ಅವ್ನು ಗಾಡಿ ನಿಲ್ಸುದ್ರೆ ಸಾಕು, ಇವ್ಳು ಕನ್ನಡಿ ಮುಂದೆ ಓಯ್ತಾಳೆ."

"ಲೇ ದಿನೇಶ," ಎಂದು ಕುಮಾರಸ್ವಾಮಿ ಗದರಿಸಿದ. "ಬಾಯ್ಮುಚ್ಕೊಂಡಿರ್ಲಾ."

"ಇಲ್ಲಣ್ಣ. ಏಳ್ಬುಡ್ತೀನಿ. ಮೇಡಂ, ಅತ್ತಿಗೆ ಸ್ಟಾಂಪು ಒತ್ತಿದ್ದ ಅವತ್ತು ಸಂಜೇನೇ ಮೋನಿಕಾಗೆ ಏಳ್ದೆ."

ಶಿವರತ್ನಮ್ಮ ಬೆಚ್ಚಿದಳು. "ಏಳ್ದಾ? ಅವ್ಳು ನನ್ನ ಒಂದ್ ಮಾತೂ ಕೇಳ್ನಿಲ್ವಲ್ಲೋ!"

"ನಕ್ಕಳು ಅತ್ತಿಗೆ. 'ಯಾರ್ಗೂ ಏಳ್ಬೇಡಿ, ಅದು ಅಂಗೇ ಓಗ್ಲಿ' ಅಂದ್ಲು."

ಆ ತಾರೀಖನ್ನು ನೋಡೇ ಇರಲಿಲ್ಲವೆಂದು ಕಣ್ಣೀರಿಟ್ಟವಳನ್ನು ಇಂಚರ ಬೆಳಿಗ್ಗೆ ತಾನೇ ಬಿಟ್ಟು ಕಳಿಸಿದ್ದಳು.

"ಮಾರನೇ ದಿನ ಬೆಳಿಗ್ಗೆ ಏನಾಯ್ತು?"

"ಮೋಹನ ಬರೋದ್ಕೆ ಮುಂಚೆ ಯಳಂದೂರಿನ ಪೆಟ್ಗೆ ಟೇಪು ಕಿತ್ತು ಒಂದು ಪ್ಯಾಕೆಟ್ಟು ತಕಂಡ್ಲು. ಬಾಗ್ಲು ಆಕ್ಕೊಂಡ್ಲು. ಮೆಷಿನ್ ಸದ್ದು ಕೇಳ್ತು. ಆಮೇಲೆ ಅವ್ನು ಬಂದಾಗ ಅದ್ನ ಅವ್ನ ಕೈಗೇ ಇಟ್ಟು, 'ಮಧ್ಯಾಹ್ನ ಊಟಕ್ಕೆ ಕಲಸ್ಕೋ' ಅಂದ್ಲು."

"ಇಷ್ಟೆಲ್ಲ ನೆನಪಿದೆಯಾ?"

"ನನ್ಗೆ ಒಂದಿನಾನೂ ಅಂಗೆ ಕೈಗಿಟ್ಟು ಉಣ್ಣು ಅಂದೋಳಲ್ಲ ಮೇಡಂ. ನೆನಪಿರ್ದೆ ಏನ್ ಮಾಡ್ತದೆ?"

ಇಂಚರ ಅವನ ಮುಖವನ್ನೇ ನೋಡುತ್ತಿದ್ದಳು. ಕಾರ್ಖಾನೆಯಲ್ಲಿ ಮೆಷಿನ್ನುಗಳ ನಡುವೆ ಇರುವವನು. ಸೀಲು ಹಾಕುವುದು ಇವನಿಗೂ ಕಷ್ಟವಲ್ಲ. ಮೋಹನ್‌ನನ್ನು ಕೊಂದು, ತಪ್ಪನ್ನು ಹೆಂಡತಿಯ ಮೇಲೆ ಹೊರಿಸಿದರೆ ಎರಡು ಉರಿಯೂ ಒಟ್ಟಿಗೇ ಆರುತ್ತವೆ.

"ನೀವೇ ವಿಷ ಹಾಕಿ ಅವಳ ಹೆಸರು ಹೇಳ್ತಿಲ್ಲ ಅನ್ನೋಕೆ ಏನು ಸಾಕ್ಷಿ?"

"ಸಾಕ್ಷಿ ಇಲ್ಲ."

"ಮೋಹನ್ ಅಷ್ಟು ಇಷ್ಟ ಆದ್ರೆ ಅವಳು ಯಾಕೆ ಅವನಿಗೆ ವಿಷ ಹಾಕ್ತಾಳೆ?"

ದಿನೇಶ್ ಉತ್ತರ ಕೊಡುವ ಮೊದಲು ಬ್ಯಾನರಿನ ಕಡೆ ನೋಡಿದ. ಅತ್ತಿಗೆ ನೋಡಿದ ಕಡೆಗೇ. ಆದರೆ ಈ ನೋಟದಲ್ಲಿ ಕೋಪಕ್ಕಿಂತ ಸೋಲು ಹೆಚ್ಚಿತ್ತು.

"ಮೋಹನನ್ಗೆ ಹೂಗ್ಯದ ಕಡೆ ಮದ್ವೆಗೆ ಹೆಣ್ಣು ಗೊತ್ತು ಮಾಡವ್ರೆ. ಆ ಸುದ್ದೀನೂ ಅವತ್ತು ಸಂಜೇನೇ ನಾನೇ ಏಳ್ದೆ. ಅವ್ಳ ಮೊಕ ನೋಡ್ಬೇಕು ಅಂತ್ಲೇ ಏಳ್ದೆ. ನೋಡ್ದೆ ಮೇಡಂ. ನಾನು ಸತ್ರೂ ಅವ್ಳ ಮೊಕ ಅಂಗಾಗಕಿಲ್ಲ."

ಶಿವರತ್ನಮ್ಮ ಬ್ಯಾನರಿಗೆ ಬೆನ್ನು ಮಾಡಿ ಕೂತಳು. ಇಷ್ಟು ದಿನ ಆ ನಗುವಿನ ಮೇಲೆ ಉರಿದವಳಿಗೆ ಈಗ ಅದನ್ನು ನೋಡಲೇ ಭಯವಾದಂತಿತ್ತು.

ಹೊಟ್ಟೆಕಿಚ್ಚಿನವನ ಮಾತನ್ನು ಎಷ್ಟು ನಂಬಬೇಕು? ಇಂಚರ ಲೆಕ್ಕ ಹಾಕಿದಳು. ಶಿವರತ್ನಮ್ಮ ಒತ್ತಿದ ತಾರೀಖು ತಪ್ಪೆಂದು ಲೇಬಲ್ ಬಲ್ಲವರು ಕಂಡುಹಿಡಿದೇ ಹಿಡಿಯುತ್ತಾರೆ. ಆಗ ಎಲ್ಲರ ಕಣ್ಣೂ ಅವಳ ಮೇಲೆ. ಮೂರೂ ತಾರೀಖುಗಳ ಅರ್ಥ ಗೊತ್ತಿದ್ದವರು ಈ ಮನೆಯಲ್ಲಿ ಒಬ್ಬರೇ.

ಅವಳು ಮೋನಿಕಾಳ ನಂಬರು ಒತ್ತಿದಳು. ಸ್ವಿಚ್ ಆಫ್.

ಫೋನನ್ನು ಕಿವಿಯಿಂದ ತೆಗೆಯುವಷ್ಟರಲ್ಲೇ ಅದು ಬಡಿದುಕೊಂಡಿತು. ಮೈಸೂರಿನ ಆಸ್ಪತ್ರೆಯಲ್ಲಿ ಮೋಹನ್‌ನ ಕಾವಲಿಗೆ ಬಿಟ್ಟಿದ್ದ ಪೇದೆ ಕೆಂಪನಂಜಪ್ಪ.

"ಒಳ್ಳೇ ಸುದ್ದಿ ಮೇಡಂ! ಮೋಹನ ಕಣ್ಬುಟ್ಟ. ವಾರ್ಡಿಗೂ ತಂದವ್ರೆ. ಒಸಿ ಒಸಿ ಗಂಜಿ ಕುಡಿಸ್ಬೋದು ಅಂದವ್ರೆ ಡಾಕ್ಟ್ರು."

"ಯಾರಿದ್ದಾರೆ ಅವನ ಹತ್ತಿರ?"

"ನೀವ್ ಬೆಳಿಗ್ಗೆ ಬುಟ್ಟು ಕಳಿಸುದ್ರಲ್ಲ, ಆ ಮೋನಿಕಾ ಮೇಡಂ. ಪಾಪ, ಮನೆಯಿಂದ್ಲೇ ಗಂಜಿ ಮಾಡ್ಕೊಂಡು ತಂದವ್ರೆ."

"ಕೆಂಪನಂಜಪ್ಪ, ನೀವು ಈಗ ಎಲ್ಲಿದ್ದೀರಿ?"

"ನಾನಾ? ಕೆಳಗೆ, ಕ್ಯಾಂಟೀನ್ ತಾವ. ಅವ್ರೇ ಅಂದ್ರು ಮೇಡಂ, ನೀವ್ ಓಗಿ ಉಣ್ಕೊಂಬನ್ನಿ, ನಾನು ನೋಡ್ಕೊತೀನಿ ಅಂತ."